ಸಂಖ್ಯೆ, ಶಬ್ದ, ಶಕುನ

ದಾವಣಗೆರೆಯ ದೇವರಾಜ ಅರಸು ಬಡಾವಣೆಯ ಯಾವುದಾದರೊಂದು ರಸ್ತೆಯಂಚಿನಲ್ಲಿ ಸ್ವಲ್ಪ ಹೊತ್ತು ನಿಂತು ಹೋಗಿಬರುವ ವಾಹನಗಳ ಸಂಖ್ಯಾಫಲಕಗಳನ್ನು ಗಮನಿಸಿದರೆ, ಅವುಗಳಲ್ಲಿ ಬಹುಪಾಲು ‘ಕೆಎ 17’ ಎಂದು ಆರಂಭವಾಗುವುದನ್ನು ಕಾಣಬಹುದು. ಇದು ದಾವಣಗೆರೆಯ ಸಾರಿಗೆ ಕಚೇರಿಗೆ ಗೊತ್ತುಮಾಡಿರುವ ಸಂಕೇತ. ಇದರಲ್ಲಿ ವಾಹನದ ಒಡೆಯನ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲ. ಆಯ್ಕೆಯೇನಿದ್ದರೂ ಕೊನೆಯ ನಾಲ್ಕು ಅಂಕಗಳಲ್ಲಿ. ಆ ನಾಲ್ಕನ್ನು ಕೂಡಿಸಿ, ಬಂದ ಮೊತ್ತದ ಅಂಕಗಳನ್ನು ಮತ್ತೆ ಕೂಡಿಸಿ, ಒಂದೇ ಅಂಕ ಉಳಿಯುವವರೆಗೂ ಕೂಡಿಸುತ್ತ ಹೋಗುವವರು ನಮ್ಮಲ್ಲಿ ಅನೇಕರಿದ್ದಾರೆ. ಉಳಿದುದು ಒಂಬತ್ತಾದರೆ ಅವರಿಗೆ ಸಂತೋಷ. ಎಂಟಾದರೆ ಮುಖ ಬಾಡುತ್ತದೆ. ಎಂಟು ಶನಿಯ ಸಂಖ್ಯೆಯೆಂಬುದು ಅವರ ನಂಬಿಕೆ. ತಮಗೆ ಒಪ್ಪುವ ‘ಫ್ಯಾನ್ಸಿ ನಂಬರ್’ ದೊರಕಲೆಂದು ಹರಾಜಿನಲ್ಲಿ ಸಾವಿರಾರು ರೂಪಾಯಿಗಳನ್ನು ಹೆಚ್ಚಾಗಿ ತೆರುವವರೂ ಉಂಟು. ಆದರೆ ಇದೇ ಲೆಕ್ಕವನ್ನು ಫಲಕದ ಮೊದಲ ಭಾಗಕ್ಕೆ ಅನ್ವಯಿಸಲು ಯಾರೂ ಮುಂದಾಗುವುದಿಲ್ಲ. ಒಂದಕ್ಕೆ ಏಳನ್ನು ಕೂಡಿಸಿದರೆ ಎಂಟೇ ಅಲ್ಲವೆ? ಹಾಗಾದರೆ ದಾವಣಗೆರೆಯಲ್ಲಿ ನೋಂದಣಿಯಾದ ವಾಹನಗಳೆಲ್ಲವೂ ಹುಟ್ಟಿನಿಂದಲೇ ಶನಿಯ ವಶವಾಗಬೇಕಾಗುತ್ತದೆ!

ಈ ಎಂಟನ್ನೇ ಚೀನೀಯರು ಅಂಕಗಳಲ್ಲೆಲ್ಲ ಅತ್ಯಂತ ಮಂಗಳಕರವೆಂದು ಎಣಿಸುತ್ತಾರೆ. 2008ನೆಯ ಇಸವಿಯ ಎಂಟನೆಯ ತಿಂಗಳ ಎಂಟನೆಯ ದಿನ, ರಾತ್ರಿ ಎಂಟು ಗಂಟೆಗೆ, ಬೀಜಿಂಗ್ ನಗರದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಒಲಿಂಪಿಕ್ ಕ್ರೀಡೋತ್ಸವದ ಉದ್ಘಾಟನೆ ನೆರವೇರಿತು. 2008 ಮಂದಿ ವಾದಕರು ‘ಫೌ’ ಎಂಬ ಪ್ರಾಚೀನ ತಾಳವಾದ್ಯದ ಮಾದರಿಗಳನ್ನು ಏಕಕಾಲದಲ್ಲಿ ಬಾರಿಸಿದರು. ಅಂದು ಚೀನಾದಲ್ಲಿ ಸಾವಿರಾರು ಜೋಡಿಗಳು ವಿವಾಹ ನೋಂದಣಿ ಕಚೇರಿಗಳ ಮುಂದೆ ಸಾಲುಗಟ್ಟಿ ನಿಂತಿದ್ದರು. ಇದಕ್ಕೆ ಐದು ವರ್ಷ ಹಿಂದೆ, 2003ರಲ್ಲಿ, ಸಿಚುವಾನ್ ವಿಮಾನ ಸಂಸ್ಥೆಯು ಎಂಟು ಎಂಟುಗಳುಳ್ಳ ಒಂದು ದೂರವಾಣಿ ಸಂಖ್ಯೆಗಾಗಿ 23 ಲಕ್ಷ ಯುವಾನ್‌ಗೂ ಮಿಗಿಲಾದ ಹಣವನ್ನು ಹರಾಜಿನಲ್ಲಿ ತೆತ್ತಿತ್ತು. 2008ರಲ್ಲಿಯೇ ಹಾಂಗ್‌ಕಾಂಗ್‌ನಲ್ಲಿ ‘18’ ಎಂಬ ಎರಡೇ ಅಂಕಗಳ ವಾಹನ ಫಲಕವೊಂದು 1 ಕೋಟಿ 65 ಲಕ್ಷ ಹಾಂಗ್‌ಕಾಂಗ್ ಡಾಲರುಗಳಿಗೆ ಮಾರಾಟವಾಯಿತು.

ಆದರೆ ದಿನದ ಆಯ್ಕೆಯನ್ನು ಕುರಿತು ಇನ್ನೊಂದು ಸಂಗತಿಯನ್ನೂ ಹೇಳಬೇಕು. ಒಲಿಂಪಿಕ್ ನಡೆಸುವ ಹಕ್ಕಿಗಾಗಿ ಬೀಜಿಂಗ್ ನಗರವು ಅರ್ಜಿ ಸಲ್ಲಿಸಿದಾಗ ಸೂಚಿಸಿದ್ದ ದಿನ ಜುಲೈ 25. ಆ ಕಾಲದಲ್ಲಿ ಅಲ್ಲಿ ಸೆಕೆಯೂ ಮಳೆಯೂ ಅಧಿಕವಾದುದರಿಂದ ಕ್ರೀಡೆಗಳನ್ನು ಎರಡು ವಾರ ಮುಂದಕ್ಕೆ ಹಾಕಲಾಯಿತು. ಹೀಗೆ ಆಗಸ್ಟ್ ತಿಂಗಳಿಗೆ ಬಂದದ್ದು ಹವೆಯ ಕಾರಣದಿಂದ. ಆಗಸ್ಟಿಗೆ ಬಂದಮೇಲೆ ಎಂಟನೆಯ ತಾರೀಖು ಎದುರಿಗೇ ಇರುವಾಗ ಏಳನ್ನೋ ಒಂಬತ್ತನ್ನೋ ಹಿಡಿಯುವವರು ಚೀನಾದಲ್ಲಿ ಯಾರಿದ್ದಾರು?

ಒಂದೇ ಅಂಕ ಒಂದು ನಾಡಿನಲ್ಲಿ ಲಕ್ಷ್ಮಿ, ಇನ್ನೊಂದರಲ್ಲಿ ಶನಿ. ಅಂಕದ ಸ್ವಭಾವದಲ್ಲಿಯೇ ಶುಭಾಶುಭಗಳು ಅಡಗಿದ್ದರೆ ಈ ಭೇದವುಂಟಾಗಲು ಕಾರಣವಿರಲಿಲ್ಲ. ಚೀನೀಯರ ಎಂಟಿನ ಹಿರಿಮೆ ಬಂದುದು ಗಣಿತದಿಂದಲ್ಲ, ಗ್ರಹಗಳಿಂದಲೂ ಅಲ್ಲ, ಉಚ್ಚಾರಣೆಯಿಂದ. ಇದನ್ನು ತಿಳಿಯಲು ಚೀನೀ ಭಾಷೆಯ ರಚನೆಯನ್ನು ಸ್ವಲ್ಪ ನೋಡಬೇಕಾಗುತ್ತದೆ.

ಕನ್ನಡದಲ್ಲಿ ‘ಬಡಿ’ ಎನ್ನುವುದಕ್ಕೂ ‘ಬಾಡಿ’ ಎನ್ನುವುದಕ್ಕೂ ಅರ್ಥಭೇದವನ್ನು ತರುವುದು ಸ್ವರದ ಹ್ರಸ್ವದೀರ್ಘಗಳು. ಅದೇ ಶಬ್ದವನ್ನು ಏರುದನಿಯಲ್ಲಿ ಹೇಳಿದರೂ ಇಳಿದನಿಯಲ್ಲಿ ಹೇಳಿದರೂ ಅರ್ಥ ಬದಲಾಗದು; ಹೆಚ್ಚೆಂದರೆ ಹೇಳುವವನ ಕೋಪವೋ ಸಂದೇಹವೋ ತೋರಬಹುದು. ಚೀನಾದ ಮ್ಯಾಂಡರಿನ್ ಭಾಷೆಯಲ್ಲಿ ಹಾಗಲ್ಲ. ಅಲ್ಲಿ ದನಿಯ ಏರಿಳಿತವೇ ಶಬ್ದದ ಅಂಗ. ಅಂಥ ದನಿಗಳು ಮುಖ್ಯವಾಗಿ ನಾಲ್ಕು: ಸಮವಾಗಿ ಎತ್ತರದಲ್ಲಿ ನಿಲ್ಲುವುದು, ಏರುವುದು, ತಗ್ಗಿ ಏಳುವುದು, ಥಟ್ಟನೆ ಇಳಿಯುವುದು. ದನಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಆ ಭಾಷೆಯಲ್ಲಿರುವ ಉಚ್ಚಾರಾಕ್ಷರಗಳು ಸುಮಾರು 400. ದನಿಗಳನ್ನು ಸೇರಿಸಿದರೂ ಸುಮಾರು 1300. ಒಂದೊಂದು ಲಿಪಿಚಿಹ್ನೆಗೂ ಒಂದೊಂದು ಅಕ್ಷರದ ಉಚ್ಚಾರ. ಆದರೆ ಬಳಕೆಯಲ್ಲಿರುವ ಚಿಹ್ನೆಗಳೋ ಹಲವು ಸಾವಿರ. ಐದಾರು ಸಾವಿರ ಮಂದಿಗೆ ಸಾವಿರದ ಮುನ್ನೂರು ಹೆಸರುಗಳನ್ನಷ್ಟೇ ಹಂಚಿದರೆ ಒಂದೇ ಹೆಸರಿನವರು ಓಣಿಗೊಬ್ಬರಂತೆ ಸಿಕ್ಕುವುದು ಅನಿವಾರ್ಯವಷ್ಟೆ. ಸಮೋಚ್ಚಾರದ ಶಬ್ದಗಳು ಆ ಭಾಷೆಯಲ್ಲಿ ಹೇರಳವಾಗಿರುವುದಕ್ಕೆ ಕಾರಣವಿದೇ.

ಮ್ಯಾಂಡರಿನ್‌ನಲ್ಲಿ ನಾಲ್ಕಕ್ಕೆ ‘ಸ್ಸಿ’ ಎಂಬುದಕ್ಕೆ ಸಮೀಪವಾದ ಉಚ್ಚಾರ, ಇಳಿದನಿಯಲ್ಲಿ. ಅದನ್ನೇ ತಗ್ಗಿ ಏಳುವ ದನಿಯಲ್ಲಿ ಹೇಳಿದರೆ ಸಾವು ಎಂದಾಗುತ್ತದೆ. ಒಂಬತ್ತಕ್ಕೆ ‘ಜ್ಯೂ’; ಬಹುಕಾಲ ಬಾಳುವುದು ಎಂಬುದಕ್ಕೂ ಅದೇ ಉಚ್ಚಾರ, ಅದೇ ದನಿ. ಎಂಟಕ್ಕೆ ‘ಬಾ’. ಸಂಪತ್ತು ಬೆಳೆಯುವುದನ್ನು ಸೂಚಿಸುವ ಶಬ್ದ ‘ಫಾ’. ಇಲ್ಲಿ ದನಿ ಒಂದಾದರೂ ಮೊದಲ ವ್ಯಂಜನ ಬೇರೆ. ಹೋಲಿಕೆ ಅಷ್ಟೇನೂ ಗಾಢವಾದುದಲ್ಲ. ಆದರೆ ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತ ಮತ್ತು ಹಾಂಗ್‌ಕಾಂಗ್‌ಗಳ ಕ್ಯಾಂಟನೀಸ್ ಭಾಷೆಯಲ್ಲಿ ಇವು ‘ಬಾತ್’, ‘ಫಾತ್’ ಎಂದು ಇನ್ನೂ ಹತ್ತಿರವಾಗಿ ಕೇಳಿಸುತ್ತವೆ. ಆ ವ್ಯಾಪಾರಿ ನಾಡಿನ ನಂಬಿಕೆಯೇ ಅಲ್ಲಿಯ ಐಶ್ವರ್ಯದೊಡನೆ ಉತ್ತರದ ನಗರಗಳಿಗೂ ಹರಡಿತೆಂದು ಹೇಳುತ್ತಾರೆ. ‘18’ರ ಫಲಕಕ್ಕೆ ಅಷ್ಟು ಬೆಲೆ ಬಂದುದೂ ಇದರಿಂದಲೇ. ಅದನ್ನು ‘ಖಂಡಿತ ಸಿರಿವಂತನಾಗುವೆ’ ಎಂಬಂತೆ ಕೇಳಿಸಿಕೊಳ್ಳಬಹುದು.

ಸಂಖ್ಯಾವಾಚಕಗಳನ್ನು ಚೀನಾದಿಂದ ಎರವಲು ಪಡೆದ ಜಪಾನೀಯರು ಮತ್ತು ಕೊರಿಯದವರು ಅವುಗಳೊಡನೆ ಭಯವನ್ನೂ ಎರವಲು ಪಡೆದರು. ಜಪಾನಿನಲ್ಲಿ ‘ಶಿ’ ಎಂದರೆ ನಾಲ್ಕೂ ಹೌದು, ಸಾವೂ ಹೌದು. ಆದುದರಿಂದ ಅನೇಕ ಕಡೆ ‘ಯೊನ್’ ಎಂಬ ತಮ್ಮ ದೇಶ್ಯಶಬ್ದವನ್ನು ಅದಕ್ಕೆ ಬದಲಾಗಿ ಬಳಸುತ್ತಾರೆ. ಕೊರಿಯದ ಅನೇಕ ಕಟ್ಟಡಗಳ ಲಿಫ್ಟುಗಳಲ್ಲಿ ನಾಲ್ಕನೆಯ ಮಹಡಿಗೆ ಅಂಕದ ಬದಲು ಇಂಗ್ಲಿಷಿನ ‘ಎಫ್’ ಅಕ್ಷರವನ್ನು ಬರೆದಿರುತ್ತಾರೆ.

ಬೀಜಿಂಗ್ ಕ್ರೀಡೋತ್ಸವದಲ್ಲಿ ಭಾಷೆಯ ಇಂಥ ಆಟಗಳು ಬೇರೆಯೂ ಇದ್ದವು. ಉತ್ಸವದ ಲಾಂಛನವಾಗಿ ಐದು ಬೊಂಬೆಗಳನ್ನು ಮಾಡಿದ್ದರು. ಅವುಗಳ ಹೆಸರು ಬೇಬೇ, ಜಿಂಗ್‌ಜಿಂಗ್, ಹುವಾನ್‌ಹುವಾನ್, ಯಿಂಗ್‌ಯಿಂಗ್, ನೀನೀ. ಒಂದೊಂದರ ಮೊದಲ ಅಕ್ಷರವನ್ನು ಸಾಲಾಗಿ ಹೇಳಿದರೆ ‘ಬೇಜಿಂಗ್ ಹುವಾನ್‌ಯಿಂಗ್ ನೀ’, ಎಂದರೆ ‘ಬೀಜಿಂಗ್ ನಿನ್ನನ್ನು ಸ್ವಾಗತಿಸುತ್ತದೆ’ ಎಂಬ ವಾಕ್ಯವೇ ಆಗುತ್ತದೆ. ಕನ್ನಡಿಗರಿಗೆ ಇದರಲ್ಲಿ ಒಂದು ಸ್ವಾರಸ್ಯವಿದೆ. ಕೊನೆಯ ‘ನೀ’ ಚೀನೀ ಭಾಷೆಯಲ್ಲಿಯೂ ‘ನೀನು’ ಎಂದೇ ಅರ್ಥ ಕೊಡುತ್ತದೆ! ಇದನ್ನು ಕಂಡು ಕನ್ನಡಕ್ಕೂ ಚೀನೀ ಭಾಷೆಗೂ ರಕ್ತಸಂಬಂಧವನ್ನು ಕಲ್ಪಿಸಲು ಯಾರಾದರೂ ಹೊರಟರೆ ಅವರನ್ನು ತಡೆಯಬೇಕು. ಜಗತ್ತಿನ ಸಾವಿರಾರು ಭಾಷೆಗಳಲ್ಲಿ ಎರಡನ್ನು ಎತ್ತಿಕೊಂಡು ಹೋಲಿಸಿದರೆ ಇಂಥ ನಾಲ್ಕಾರು ಹೊಂದಿಕೆಗಳು ಆಕಸ್ಮಿಕವಾಗಿಯೇ ದೊರೆಯುತ್ತವೆ. ಸಂಬಂಧವನ್ನು ಸ್ಥಾಪಿಸಬೇಕಾದರೆ ಒಂದೆರಡು ಶಬ್ದಗಳು ಸಾಲವು. ಅನೇಕ ಶಬ್ದಗಳಲ್ಲಿ ನಿಯಮಬದ್ಧವಾದ ಧ್ವನಿಸಾಮ್ಯ ಕಾಣಬೇಕು.

ತಂಡಗಳ ಮೆರವಣಿಗೆಯೂ ನೋಡುವವರನ್ನು ಗಲಿಬಿಲಿಗೊಳಿಸಿತು. ಚೀನೀ ಲಿಪಿಯಲ್ಲಿ ನಮ್ಮಂತೆ ಅಆಇಈ ಕ್ರಮವಿಲ್ಲ. ಆದಕಾರಣ ಪ್ರತಿಯೊಂದು ದೇಶದ ಚೀನೀ ಹೆಸರಿನ ಮೊದಲ ಚಿಹ್ನೆಯನ್ನು ಬರೆಯಲು ಎಷ್ಟು ಗೀಟುಗಳು ಬೇಕೆಂಬುದನ್ನು ಎಣಿಸಿ, ಕಡಿಮೆ ಗೀಟಿನವರನ್ನು ಮುಂದೆ ಬಿಟ್ಟರು. ಸಂಪ್ರದಾಯದಂತೆ ಗ್ರೀಸ್ ಮೊದಲು ಬಂದರೆ, ಅದರ ಹಿಂದೆಯೇ ಬಂದುದು ಗಿನಿ. ಇಂಗ್ಲಿಷ್ ಅಕ್ಷರಕ್ರಮದಲ್ಲಿ ಸದಾ ಮುಂದಿರುವ ಆಸ್ಟ್ರೇಲಿಯವು 204 ತಂಡಗಳಲ್ಲಿ 202ನೆಯದಾಗಿ ನಡೆಯಿತು.

ಈಗ ನಮ್ಮ ನುಡಿಗೆ ಬರೋಣ. ‘ಸಂಖ್ಯೆಯ ಹೆಸರು ಅಶುಭಶಬ್ದವನ್ನು ಹೋಲಿದರೆ ಆ ಸಂಖ್ಯೆ ಅಶುಭವಾಗುತ್ತದೆ’ ಎಂಬುದು ಚೀನಾದಿಂದ ನಾವು ಕಲಿತ ನಿಯಮವಾದರೆ, ಅದನ್ನು ಕನ್ನಡದಲ್ಲಿಟ್ಟು ಪರೀಕ್ಷಿಸಬೇಡವೆ? ಕನ್ನಡದಲ್ಲಿಯೂ ಸಾಕಷ್ಟು ಸಾಮಗ್ರಿಯಿದೆ. ‘ಆರು’ ಸಂಖ್ಯೆಯೂ ಹೌದು, ದೀಪ ನಂದುವುದೂ ಹೌದು. ‘ಏಳು’ ಸಂಖ್ಯೆ, ಮೇಲಕ್ಕೇಳುವುದು ಕೂಡ. ‘ಹತ್ತು’ ಸಂಖ್ಯೆ, ಮರವನ್ನು ಹತ್ತುವುದು, ಬೆಂಕಿ ಹತ್ತುವುದು ಬೇರೆ. ಈ ಹೊಂದಿಕೆಗಳು ಇತ್ತೀಚಿನವೂ ಅಲ್ಲ. ಹಳಗನ್ನಡದಲ್ಲಿ ಎರಡು ಅರ್ಥದ ಆರಕ್ಕೂ ‘ಆಱು’ ಎಂದೇ ರೂಪ. ಎರಡು ಅರ್ಥದ ಏಳಕ್ಕೂ ‘ಏೞ್’ ಎಂದೇ ರೂಪ. ಈ ಱಕಾರ, ೞಕಾರಗಳು ಮುಂದೆ ಬಳಕೆತಪ್ಪಿದವು. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ೞಕಾರವುಳ್ಳ ಶಬ್ದಗಳ ಪಟ್ಟಿಯನ್ನೇ ಕೊಟ್ಟಿರುವುದನ್ನು ನೋಡಿದರೆ, ಆ ಕಾಲಕ್ಕಾಗಲೇ ಜನ ಅದನ್ನು ಮರೆಯತೊಡಗಿದ್ದರೆಂದು ಊಹಿಸಬಹುದು.

ನಿಯಮ ನಿಜವಾಗಿದ್ದರೆ ಕನ್ನಡಿಗರಿಗೆ ಆರು ಭಯಂಕರವಾದ ಸಂಖ್ಯೆಯಾಗಬೇಕಿತ್ತು. ನಮ್ಮ ಮನೆಗಳಲ್ಲಿ ‘ದೀಪ ಆರಿಸು’ ಎನ್ನಲು ಹಿರಿಯರು ಇಂದಿಗೂ ಹಿಂಜರಿಯುತ್ತಾರೆ. ‘ದೀಪ ಶಾಂತಮಾಡು’ ಎನ್ನುತ್ತಾರೆ. ಬಳೆ ಒಡೆದರೆ ‘ಹೆಚ್ಚಿತು’ ಎನ್ನುವುದೂ, ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವುದೂ ಈ ಎಚ್ಚರದಿಂದಲೇ. ಇಷ್ಟು ಸೂಕ್ಷ್ಮವಾದ ಕಿವಿಯುಳ್ಳ ಜನ ‘ಆರು’ ಎಂದು ಎಣಿಸುವಾಗ ಮಾತ್ರ ಬೆಚ್ಚುವುದಿಲ್ಲ. ಮನೆಯ ಸಂಖ್ಯೆ ಆರಾದರೆ ಬಾಡಿಗೆ ಕಡಿಮೆಯಾಗದು. ಹಾಗೆಯೇ ‘ಏಳು’ ಎಂಬುದರಲ್ಲಿ ಏಳಿಗೆಯ ಧ್ವನಿಯಿದೆಯೆಂದು ಏಳಕ್ಕಾಗಿ ಯಾರೂ ಹರಾಜಿನಲ್ಲಿ ಕೂಗಿದ್ದನ್ನು ಕಾಣೆವು. ಬದಲಾಗಿ ಏಳೂವರೆ ಶನಿಯ ಮಾತು ಬಂದರೆ ನಡುಗುವವರಿದ್ದಾರೆ!

ತೆಲುಗಿನವರ ಕಥೆ ಬೇರೆ. ಅವರಿಗೆ ಏಳು ‘ಏಡು’. ಅಳುವುದಕ್ಕೆ ‘ಏಡ್ಚು’, ಅಳುವಿಗೆ ‘ಏಡುಪು’. ಆದುದರಿಂದ ಧಾನ್ಯವನ್ನು ಅಳೆಯುವ ಹಳೆಯ ವ್ಯಾಪಾರಿಗಳು ಏಳನೆಯ ಅಳತೆಗೆ ಬಂದಾಗ ‘ಏಡು’ ಎನ್ನದೆ ‘ಆರುನ್ನೊಕ್ಕಟಿ’, ಅಂದರೆ ಆರು ಮತ್ತೊಂದು ಎನ್ನುತ್ತಿದ್ದರು. ಈ ಮಾತೇ ತಿರುಗಿ ಅಳುವಿಗೆ ಅಂಟಿಕೊಂಡುದು ಭಾಷೆಯ ಚೇಷ್ಟೆ. ಮಗು ರಂಪಮಾಡಿ ಅತ್ತರೆ ‘ಆರುನ್ನೊಕ್ಕ ರಾಗ’ ಹಾಡುತ್ತಿದೆಯೆಂದು ತೆಲುಗರು ನಗುತ್ತಾರೆ. ಅಶುಭವೆಂದು ಮುಚ್ಚಿಡಲು ತಂದ ಮರೆಮಾತಿಗೂ ಅದೇ ಅಶುಭ ಮೆತ್ತಿಕೊಂಡಿತು.

ಇಲ್ಲಿ ಭಾಷಾಶಾಸ್ತ್ರದ ಒಂದು ಸೊಗಸಾದ ಸಂಗತಿ ಅಡಗಿದೆ. ಕನ್ನಡದ ‘ಅಳು’ ಮತ್ತು ತೆಲುಗಿನ ‘ಏಡ್ಚು’ ಒಂದೇ ದ್ರಾವಿಡ ಮೂಲದವು. ಕನ್ನಡದ ‘ಏಳು’, ತೆಲುಗಿನ ‘ಏಡು’ಗಳೂ ಹಾಗೆಯೇ. ಎರಡು ಮೂಲಗಳಲ್ಲಿಯೂ ೞಕಾರವಿತ್ತು. ಅದು ಕನ್ನಡದಲ್ಲಿ ಳಕಾರವಾಯಿತು, ತೆಲುಗಿನಲ್ಲಿ ಡಕಾರವಾಯಿತು. ಅಷ್ಟರಿಂದ ಕೇಡೇನೂ ಇರಲಿಲ್ಲ. ಆದರೆ ತೆಲುಗಿನಲ್ಲಿ ಅಳುವಿನ ಶಬ್ದದ ಮೊದಲ ಸ್ವರವೂ ಮಾರ್ಪಟ್ಟು ‘ಏ’ ಎಂದಾಯಿತು. ಕನ್ನಡದಲ್ಲಿ ‘ಅ’ ಎಂದೇ ಉಳಿಯಿತು. ಆ ಒಂದು ಸ್ವರದ ವ್ಯತ್ಯಾಸದಿಂದ ಕನ್ನಡಿಗನ ಏಳು ಅಳುವಿನಿಂದ ದೂರ ಉಳಿಯಿತು, ತೆಲುಗನ ಏಳು ಅಳುವಿನ ಪಕ್ಕಕ್ಕೆ ಬಂದು ಕುಳಿತಿತು. ಶಕುನವೊಂದರ ಹುಟ್ಟನ್ನು ಇಷ್ಟು ಸ್ಪಷ್ಟವಾಗಿ ಕಾಣುವ ಅವಕಾಶ ಅಪರೂಪ. ಬಳ್ಳಾರಿ, ಪಾವಗಡ, ಕೋಲಾರಗಳ ಕಡೆಯ ವಿದ್ಯಾರ್ಥಿಗಳಿಗೆ ಎರಡು ನುಡಿಗಳೂ ಮನೆಮಾತಿನಷ್ಟು ಬಳಕೆಯಿರುವುದರಿಂದ ಇಂಥ ಇನ್ನಷ್ಟು ಉದಾಹರಣೆಗಳನ್ನು ಅವರೇ ಕಲೆಹಾಕಬಹುದು.

ಕನ್ನಡದ ಕಣಗಳಲ್ಲಿ ಮರೆಮಾತು ಇರಲಿಲ್ಲವೆಂದಲ್ಲ. ರಾಶಿಯನ್ನು ಕೊಳಗದಿಂದ ಅಳೆಯುವಾಗ ಮೊದಲ ಅಳತೆಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ರೂಢಿ. ಲಾಭ, ಎರಡು, ಮೂರು ಎಂದು ಎಣಿಕೆ ಸಾಗುತ್ತದೆ. ದಾವಣಗೆರೆಯಂಥ ಮಾರುಕಟ್ಟೆಗಳಲ್ಲಿ ತೂಕದ ಯಂತ್ರ ಬಂದು ಕೊಳಗ ಮೂಲೆ ಸೇರಿದೆ. ಆದರೂ ಈ ಎಣಿಕೆಯನ್ನು ನೆನಪಿನಲ್ಲಿಟ್ಟುಕೊಂಡ ಹಿರಿಯರು ಇದ್ದಾರೆ. ಗಮನಿಸಬೇಕಾದುದೇನೆಂದರೆ ‘ಒಂದು’ ಎಂಬುದಕ್ಕೆ ಅಶುಭಶಬ್ದದ ಹೋಲಿಕೆಯಿಲ್ಲ. ಇಲ್ಲಿ ಭಯವಿಲ್ಲ, ಹಾರೈಕೆಯಿದೆ.

ಹೀಗೆ ಹೋಲಿಕೆಯಿದ್ದರೂ ಭಯವಿಲ್ಲದ ಸಂಖ್ಯೆಯುಂಟು. ಹೋಲಿಕೆಯಿಲ್ಲದಿದ್ದರೂ ಮರೆಮಾತು ಪಡೆದ ಸಂಖ್ಯೆಯುಂಟು. ಭಾಷೆ ಕಟ್ಟಿಗೆಯನ್ನು ಒದಗಿಸುತ್ತದೆ. ಅದಕ್ಕೆ ಕಿಡಿ ಬೀಳುವುದೋ ಇಲ್ಲವೋ ಎಂಬುದು ವ್ಯಾಪಾರ, ಆಚರಣೆ, ಅನುಕರಣೆಗಳನ್ನು ಅವಲಂಬಿಸಿದೆ. ಮದುವೆಯ ಮುಯ್ಯಿಯನ್ನೇ ನೋಡಿ. ನಾವು 101, 501 ಎಂದು ಒಂದನ್ನು ಸೇರಿಸಿ ಬೆಸಸಂಖ್ಯೆ ಮಾಡಿಕೊಡುತ್ತೇವೆ. ಚೀನೀಯರು ಮಂಗಳಕಾರ್ಯದ ಉಡುಗೊರೆಗೆ ಸರಿಸಂಖ್ಯೆಯನ್ನೇ ಬಯಸುತ್ತಾರೆ. ಕಾನೂನಿನ ಪುಸ್ತಕವೂ ಸಂಖ್ಯೆಗೆ ಅರ್ಥ ಕೊಡಬಲ್ಲುದು. 1860ರ ಭಾರತೀಯ ದಂಡಸಂಹಿತೆಯ 420ನೆಯ ಕಲಮು ವಂಚನೆಗೆ ಸಂಬಂಧಿಸಿದ್ದರಿಂದ ‘ಫೋರ್ ಟ್ವೆಂಟಿ’ ಎಂಬುದು ಬೈಗುಳವಾಯಿತು. 2024ರ ಜುಲೈ 1ರಿಂದ ಆ ಸಂಹಿತೆ ಹೋಗಿ ಹೊಸ ನ್ಯಾಯಸಂಹಿತೆ ಬಂದು, ವಂಚನೆಯ ಕಲಮು 318 ಆಗಿದೆ. ಬೈಗುಳ ಮಾತ್ರ ತಿದ್ದುಪಡಿಯಾಗಿಲ್ಲ.

ಇನ್ನು ಎಂಟರ ಶನಿದೋಷ. ಇದು ಅನಾದಿಕಾಲದ ಶಾಸ್ತ್ರವೆಂದು ನಂಬಿದವರು ಬಹಳ. ವಾರಗಳ ಕ್ರಮದಲ್ಲಿ ಶನಿ ಏಳನೆಯವನು. ನವಗ್ರಹಗಳನ್ನು ರವಿಯಿಂದ ಆರಂಭಿಸಿ ಹೇಳಿದರೂ ಏಳನೆಯವನೇ. ಶನಿಗೆ ಎಂಟನ್ನು ಕೊಟ್ಟು ಇಂದು ಪ್ರಚಲಿತವಾಗಿರುವ ಸಂಖ್ಯಾಶಾಸ್ತ್ರವು ನಮ್ಮಲ್ಲಿ ಹರಡಿದ್ದು ಹೆಚ್ಚಾಗಿ ‘ಕೀರೋ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಐರ್ಲೆಂಡ್ ಮೂಲದ ಭವಿಷ್ಯವಾದಿಯ ಇಂಗ್ಲಿಷ್ ಪುಸ್ತಕಗಳಿಂದ. ಆತ ನಾಲ್ಕು ಮತ್ತು ಏಳನ್ನು ದೂರದರ್ಶಕದ ಕಾಲದಲ್ಲಿ ಪತ್ತೆಯಾದ ಯುರೇನಸ್, ನೆಪ್ಚೂನ್‌ಗಳಿಗೆ ಹಂಚಿದ್ದ. ನಮ್ಮವರು ಆ ಸ್ಥಾನದಲ್ಲಿ ರಾಹುಕೇತುಗಳನ್ನು ಕೂರಿಸಿದರು. ನಮ್ಮ ಹಳೆಯ ಸಂಪ್ರದಾಯದಲ್ಲಿ ಎಂಟಕ್ಕೆ ಅಪಕೀರ್ತಿಯೇನೂ ಇಲ್ಲ. ಅಷ್ಟಲಕ್ಷ್ಮಿಯರಿದ್ದಾರೆ, ಅಷ್ಟೈಶ್ವರ್ಯವಿದೆ, ವೀರಶೈವರ ಅಷ್ಟಾವರಣವಿದೆ. ಧೈರ್ಯಶಾಲಿಯನ್ನು ಎಂಟೆದೆಯ ಬಂಟನೆನ್ನುತ್ತೇವೆ.

ಅಂಕಗಳನ್ನು ಕೂಡಿಸುತ್ತ ಹೋಗುವ ಕ್ರಿಯೆಯಲ್ಲಿ ರಹಸ್ಯವೇನಾದರೂ ಇದೆಯೆ? ಇದೆ, ಆದರೆ ಅದು ಗಣಿತದ್ದು. 10 ಎಂದರೆ 9 ಮತ್ತು 1; 100 ಎಂದರೆ 99 ಮತ್ತು 1; 1000 ಎಂದರೆ 999 ಮತ್ತು 1. ಆದ್ದರಿಂದ ಯಾವುದೇ ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಉಳಿಯುವ ಶೇಷವೂ ಅದರ ಅಂಕಗಳ ಮೊತ್ತವನ್ನು 9ರಿಂದ ಭಾಗಿಸಿದಾಗ ಉಳಿಯುವ ಶೇಷವೂ ಒಂದೇ. ಕೊನೆಗೆ ಉಳಿಯುವ ಒಂಟಿ ಅಂಕವೆಂದರೆ ಈ ಶೇಷವೇ. ಶೇಷ ಸೊನ್ನೆಯಾದಾಗ ಮಾತ್ರ ಅದನ್ನು 9 ಎನ್ನುತ್ತೇವೆ. ವಾಹನಗಳಿಗೆ 1ರಿಂದ 9999ರವರೆಗೆ ಸಂಖ್ಯೆ ಕೊಟ್ಟರೆ ಒಂಬತ್ತು ‘ಫಲ’ಗಳಲ್ಲಿ ಪ್ರತಿಯೊಂದೂ ಸರಿಯಾಗಿ 1111 ವಾಹನಗಳಿಗೆ ದಕ್ಕುತ್ತದೆ. ಕೂಡಿಸಿ ನೋಡುವವರ ಸಂತೋಷಕ್ಕೆ ಒಂಬತ್ತರಲ್ಲಿ ಒಂದು ಪಾಲು ಸದಾ ಸಿದ್ಧವಾಗಿರುತ್ತದೆಂದಾಯಿತು. ವ್ಯಸನಕ್ಕೂ ಅಷ್ಟೇ.

ಈ ಲೆಕ್ಕ ಎಷ್ಟು ಕ್ರೂರವಾಗಬಲ್ಲುದೆಂಬುದು 2008ರಲ್ಲಿಯೇ ಚೀನಾದಲ್ಲಿ ಕಂಡಿತು. ಆ ವರ್ಷ ಜನವರಿಯ ಕೊನೆಯಲ್ಲಿ ಘೋರ ಹಿಮಪಾತವಾಯಿತು. ಮಾರ್ಚ್ 14ರಂದು ಟಿಬೆಟ್ಟಿನ ಲಾಸಾದಲ್ಲಿ ಗಲಭೆಯಾಯಿತು. ಮೇ 12ರಂದು ಸಿಚುವಾನ್ ಪ್ರಾಂತದ ವೆಂಚುವಾನ್‌ನಲ್ಲಿ ಭೂಕಂಪವಾಗಿ 69 ಸಾವಿರಕ್ಕೂ ಹೆಚ್ಚು ಜನ ಸತ್ತರು; ಸುಮಾರು 18 ಸಾವಿರ ಜನರ ಗುರುತೇ ಸಿಕ್ಕಲಿಲ್ಲ. ಆ ದುಃಖದ ನಡುವೆ ಒಂದು ವದಂತಿ ಹಬ್ಬಿತು. ಹಿಮಪಾತಕ್ಕೆ ಜನವರಿ 25 ಎಂದು ದಿನ ಗೊತ್ತುಮಾಡಿ ಕೂಡಿಸಿದರು: 1, 2, 5 ಸೇರಿ ಎಂಟು. ಗಲಭೆಯ 3, 1, 4 ಸೇರಿ ಎಂಟು. ಭೂಕಂಪದ 5, 1, 2 ಸೇರಿದರೂ ಎಂಟು. ಸಾಲದೆಂಬಂತೆ ಭೂಕಂಪವಾದದ್ದು ಒಲಿಂಪಿಕ್ ಉದ್ಘಾಟನೆಗೆ ಸರಿಯಾಗಿ 88 ದಿನ ಮುಂಚೆ. ಅದರ ಪರಿಮಾಣವನ್ನು ಚೀನಾ 8.0 ಎಂದು ಪ್ರಕಟಿಸಿತು. ಎಂಟು ನಮಗೆ ಕೈಕೊಟ್ಟಿತೆಂದು ಜನ ಮಾತಾಡಿಕೊಂಡರು. ಐದು ಬೊಂಬೆಗಳಲ್ಲಿಯೂ ಕೆಡುಕನ್ನು ಹುಡುಕಿದರು: ಪಾಂಡಾ ಬೊಂಬೆ ಸಿಚುವಾನನ್ನೂ ಚಿರು ಎಂಬ ಜಿಂಕೆಯ ಬೊಂಬೆ ಟಿಬೆಟ್ಟನ್ನೂ ಮೊದಲೇ ಸೂಚಿಸಿದ್ದವಂತೆ.

ವಿದ್ಯಾರ್ಥಿಗಳು ಒಂದು ಕ್ಯಾಲೆಂಡರನ್ನು ಮುಂದಿಟ್ಟುಕೊಂಡು ಈ ವದಂತಿಯನ್ನು ತಾವೇ ತೂಗಿ ನೋಡಬಹುದು. ತಿಂಗಳು ಮತ್ತು ತಾರೀಖಿನ ಅಂಕಗಳನ್ನು ಕೂಡಿಸಿ ಎಂಟು ಉಳಿಯುವ ದಿನಗಳೆಷ್ಟು? ಜನವರಿಯಲ್ಲಿ 7, 16, 25. ಮಾರ್ಚಿನಲ್ಲಿ 5, 14, 23. ಮೇ ತಿಂಗಳಲ್ಲಿ 3, 12, 21, 30. ಪ್ರತಿ ತಿಂಗಳಲ್ಲಿಯೂ ಒಂಬತ್ತು ದಿನಗಳಿಗೊಮ್ಮೆ ಅಂಥ ದಿನ ಬಂದೇ ಬರುತ್ತದೆ. ವರ್ಷಕ್ಕೆ ಒಟ್ಟು 39. ನೂರು ಕೋಟಿಗೂ ಮಿಗಿಲಾದ ಜನರಿರುವ ದೇಶದಲ್ಲಿ ಅರ್ಧ ವರ್ಷದೊಳಗೆ ನಡೆಯುವ ದೊಡ್ಡ ಅನಾಹುತಗಳು ಒಂದೆರಡಲ್ಲ. ಅವುಗಳಲ್ಲಿ ಎಂಟಕ್ಕೆ ಹೊಂದುವ ಮೂರನ್ನು ಆರಿಸಿ, ಹೊಂದದವನ್ನು ಬಿಟ್ಟರೆ ಶಾಪ ಸಿದ್ಧವಾಯಿತು. ಹಿಮಪಾತವಂತೂ ಹಲವು ದಿನಗಳ ಕಾಲ ನಡೆದುದರಿಂದ 25ನೆಯ ತಾರೀಖನ್ನು ಆರಿಸುವುದು ಇನ್ನೂ ಸುಲಭ. ಎಲ್ಲಕ್ಕಿಂತ ಸೋಜಿಗವೆಂದರೆ, ಇದೇ ಕ್ರಮದಲ್ಲಿ ಕೂಡಿಸಿದರೆ ಆಗಸ್ಟ್ 8 ಎಂಟಾಗುವುದಿಲ್ಲ! 8 ಮತ್ತು 8 ಸೇರಿ 16. 1 ಮತ್ತು 6 ಸೇರಿ 7. ಅದನ್ನು ಎಂಟು ಮಾಡಲೇಬೇಕೆನ್ನುವವರು 2008ರ ಅಂಕಗಳನ್ನೂ ಸೇರಿಸಿಕೊಳ್ಳಲಿ. ಆಗ 26 ಬಂದು ಎಂಟಾಗುತ್ತದೆ. ಆದರೆ ವರ್ಷವನ್ನು ಸೇರಿಸಿಕೊಂಡರೆ ಭೂಕಂಪದ ದಿನ 18 ಆಗಿ, ಒಂಬತ್ತಕ್ಕೆ ಜಾರುತ್ತದೆ. ಒಂದು ಕಡೆ ವರ್ಷ ಬೇಕು, ಇನ್ನೊಂದು ಕಡೆ ಬೇಡ. ಉತ್ತರವನ್ನು ಮೊದಲು ಇಟ್ಟುಕೊಂಡು ಲೆಕ್ಕವನ್ನು ಆಮೇಲೆ ಮಾಡುವ ಪದ್ಧತಿಯೆಂದರೆ ಇದೇ.

ಕ್ರೀಡಾಂಗಣದೊಳಗೂ ಹೀಗೆಯೇ ಆಯಿತು. 110 ಮೀಟರ್ ಹರ್ಡಲ್ಸ್ ಓಟದಲ್ಲಿ ಚೀನಾದ ಆಶಾಕೇಂದ್ರವಾಗಿದ್ದ ಲಿಯು ಶಿಯಾಂಗ್ ಆಗಸ್ಟ್ 18ರಂದು, ಆ ನಾಡಿನವರು ಕೋಟಿಗಟ್ಟಲೆ ಸುರಿದು ಕೊಳ್ಳುವ ಆ ಸಂಖ್ಯೆಯ ದಿನದಂದೇ, ಕಾಲಿನ ನೋವಿನಿಂದ ಓಟವನ್ನು ಕೈಬಿಟ್ಟು ಹೊರನಡೆದನು. ನಮ್ಮ ಅಭಿನವ್ ಬಿಂದ್ರಾ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಭಾರತಕ್ಕೆ ಮೊತ್ತಮೊದಲ ವೈಯಕ್ತಿಕ ಸ್ವರ್ಣಪದಕವನ್ನು ಗಳಿಸಿದ್ದು 11ರಂದು. ಆತನ ಕೊನೆಯ ಗುಂಡಿಗೆ ದೊರೆತ ಅಂಕ 10.8. ಬಿಂದುವನ್ನು ಅಳಿಸಿದರೆ ನಮಗೆ ಪವಿತ್ರವಾದ 108! ಬಿಂದುವನ್ನು ಅಳಿಸಲು ಒಪ್ಪಿಕೊಂಡವರಿಗೆ ಸಿಕ್ಕದ ಶಕುನವಿಲ್ಲ. ಕ್ರಿಕೆಟ್ಟಿನಲ್ಲಿ ಇಂಗ್ಲಿಷರಿಗೆ 111 ಅಶುಭ. ಸ್ಕೋರು ಅಲ್ಲಿಗೆ ಬಂದಾಗ ಅಂಪೈರ್ ಡೇವಿಡ್ ಶೆಫರ್ಡ್ ನೆಲದಿಂದ ಕಾಲೆತ್ತಿ ಕುಣಿಯುತ್ತಿದ್ದುದು ಪ್ರಸಿದ್ಧವಾಗಿದೆ. 2011ರ ನವೆಂಬರ್ 11ರಂದು ಕೇಪ್‌ಟೌನಿನಲ್ಲಿ ಗಡಿಯಾರ 11 ಗಂಟೆ 11 ನಿಮಿಷ ತೋರಿಸುತ್ತಿದ್ದಾಗ ಆಸ್ಟ್ರೇಲಿಯದ ವಿರುದ್ಧ ಗೆಲ್ಲಲು ದಕ್ಷಿಣ ಆಫ್ರಿಕಕ್ಕೆ ಬೇಕಾಗಿದ್ದುದು 111 ಓಟಗಳು. ಪ್ರೇಕ್ಷಕರೆಲ್ಲ ಒಂಟಿಕಾಲಲ್ಲಿ ನಿಂತರು. ದಕ್ಷಿಣ ಆಫ್ರಿಕ ನಿರಾತಂಕವಾಗಿ ಗೆದ್ದಿತು.

ಸಂಖ್ಯೆಗೆ ಶಕ್ತಿಯಿಲ್ಲದಿರಬಹುದು, ಸಂಖ್ಯೆಯ ಭಯಕ್ಕೆ ಶಕ್ತಿಯಿಲ್ಲವೆ? ಇದು ನಗೆಯ ಪ್ರಶ್ನೆಯಲ್ಲ. 2001ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ಮತ್ತು ಸಹೋದ್ಯೋಗಿಗಳು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಅಮೆರಿಕದಲ್ಲಿರುವ ಚೀನೀ ಮತ್ತು ಜಪಾನೀ ಮೂಲದವರ ಸುಮಾರು ಎರಡು ಲಕ್ಷ ಮರಣದಾಖಲೆಗಳನ್ನು ಪರಿಶೀಲಿಸಿದಾಗ, ಹೃದ್ರೋಗದಿಂದಾದ ಸಾವುಗಳು ತಿಂಗಳ ನಾಲ್ಕನೆಯ ತಾರೀಖಿನಂದು ಹೆಚ್ಚುತ್ತವೆಂದೂ ದೀರ್ಘಕಾಲದ ಹೃದ್ರೋಗದಲ್ಲಿ ಈ ಹೆಚ್ಚಳ ಶೇಕಡಾ 13ರಷ್ಟೆಂದೂ ಅವರಿಗೆ ಕಂಡಿತು. ಬಿಳಿಯರಲ್ಲಿ ಅಂಥ ಏರಿಕೆಯಿರಲಿಲ್ಲ. ನಾಲ್ಕರ ಭಯವೇ ದುರ್ಬಲ ಹೃದಯವನ್ನು ನಿಲ್ಲಿಸುತ್ತದೆಂಬುದು ಅವರ ತೀರ್ಮಾನ. ಇದು ನಿಜವಾದರೆ ವೈದ್ಯರು ರೋಗಿಯ ನಾಡಿಯೊಡನೆ ಕ್ಯಾಲೆಂಡರನ್ನೂ ನೋಡಬೇಕಾಗುತ್ತದೆ.

ಮರುವರ್ಷ ಅದೇ ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞ ಗ್ಯಾರಿ ಸ್ಮಿತ್ ಇದನ್ನು ಪ್ರಶ್ನಿಸಿದರು. ಹೃದ್ರೋಗದಲ್ಲಿ ಅನೇಕ ಬಗೆಗಳಿದ್ದು, ಮೊದಲ ಅಧ್ಯಯನವು ಅವುಗಳಲ್ಲಿ ಕೆಲವನ್ನು ಮಾತ್ರ ಆರಿಸಿಕೊಂಡಿತ್ತು. ಎಲ್ಲ ಬಗೆಗಳನ್ನೂ ಒಟ್ಟಿಗೆ ನೋಡಿದರೆ ನಾಲ್ಕನೆಯ ತಾರೀಖಿನ ವೈಶಿಷ್ಟ್ಯ ಉಳಿಯುವುದಿಲ್ಲ. ಬೇರೆ ವರ್ಷಗಳ ದಾಖಲೆಗಳಲ್ಲಿಯೂ ಅದು ಕಾಣುವುದಿಲ್ಲ ಎಂದು ಅವರು ತೋರಿಸಿದರು. ನನಗೆ ಸ್ಮಿತ್ತರ ವಾದವೇ ಬಲವಾದುದೆಂದು ತೋರುತ್ತದೆ. ಎಂಟಕ್ಕೆ ಹೊಂದುವ ಅನಾಹುತಗಳನ್ನು ಆರಿಸಿದವರಿಗೂ ನಾಲ್ಕಕ್ಕೆ ಹೊಂದುವ ರೋಗಗಳನ್ನು ಆರಿಸಿದವರಿಗೂ ಅಂತರ ಬಹಳವಿಲ್ಲ. ಎರಡನೆಯವರು ಪ್ರಯೋಗಶಾಲೆಯ ಭಾಷೆಯನ್ನು ಬಲ್ಲವರು, ಅಷ್ಟೆ. ಮೂಢನಂಬಿಕೆಯನ್ನು ಅಳೆಯಲು ಹೊರಟವರ ಕೈಗೂ ಅದೇ ಕೊಳಗ ಬಂದುಬಿಡುವ ಅಪಾಯವಿದೆ.

ಭಯದ ಪರಿಣಾಮ ನಿಸ್ಸಂದೇಹವಾಗಿ ಕಂಡುಬರುವುದು ಹಣದಲ್ಲಿ. ಕೆನಡದ ವ್ಯಾಂಕೂವರ್ ಪ್ರದೇಶದಲ್ಲಿ ಚೀನೀಯರು ಹೆಚ್ಚಾಗಿ ವಾಸಿಸುವ ಬಡಾವಣೆಗಳ ಮನೆಗಳ ಮಾರಾಟವನ್ನು ಅಲ್ಲಿಯ ಅರ್ಥಶಾಸ್ತ್ರಜ್ಞರು ಪರಿಶೀಲಿಸಿ 2014ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಬೇರೆ ಎಲ್ಲ ಗುಣಗಳೂ ಸಮಾನವಾಗಿದ್ದಾಗ, ವಿಳಾಸದ ಸಂಖ್ಯೆ ನಾಲ್ಕರಲ್ಲಿ ಮುಗಿಯುವ ಮನೆಗೆ ಶೇಕಡಾ 2.2ರಷ್ಟು ಕಡಿಮೆ ಬೆಲೆ, ಎಂಟರಲ್ಲಿ ಮುಗಿಯುವ ಮನೆಗೆ ಶೇಕಡಾ 2.5ರಷ್ಟು ಹೆಚ್ಚು ಬೆಲೆ ಬಂದಿತ್ತು. ಒಂದೇ ಬೀದಿ, ಒಂದೇ ಅಳತೆಯ ನಿವೇಶನ, ಒಂದೇ ಬಗೆಯ ಗೋಡೆ ಮತ್ತು ಛಾವಣಿ. ನಾಲ್ಕಕ್ಕೆ ಹೆದರದ ಕುಟುಂಬವೊಂದು ಅಲ್ಲಿ ಅಷ್ಟರಮಟ್ಟಿಗೆ ಅಗ್ಗವಾಗಿ ಮನೆ ಕೊಳ್ಳಬಹುದಾಗಿತ್ತು.